ಆಮದು ಸರಕಿನ ಹಿಂದೆ ಜೀತವಿದೆಯೇ? ಸಣ್ಣ ಕಂಪನಿಗಳು ಪತ್ತೆಹಚ್ಚುವ ಬಗೆ

ಬೆರಳೆಣಿಕೆಯ ಸಿಬ್ಬಂದಿಯಿರುವ ಆಮದು ಕಂಪನಿಗಳು ತಮ್ಮ ಸರಕಿನ ಹಿಂದಿನ ಜೀತವನ್ನು ಪತ್ತೆಹಚ್ಚುವ ಕೆಲಸಕ್ಕೆ ಕೈಹಾಕಿದಾಗ ಮೊದಲು ಮಾಡುವುದು, ಸಿದ್ಧ ನೀತಿಪತ್ರವೊಂದಕ್ಕೆ ತಮ್ಮ ಹೆಸರು ಹಾಕಿಕೊಂಡು, ಉದ್ದನೆಯ ಪ್ರಶ್ನಾವಳಿಯನ್ನು ಪೂರೈಕೆದಾರರಿಗೆಲ್ಲ ಕಳುಹಿಸುವುದು. ‘ನಿಮ್ಮಲ್ಲಿ ಬಲವಂತದ ದುಡಿಮೆ ಇದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ. ಆ ಉತ್ತರಗಳನ್ನು ಕಡತಕ್ಕೆ ಸೇರಿಸಿ ನಿಶ್ಚಿಂತರಾದವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಈ ಲೇಖನ ಬರೆಯಲು ಅದೇ ಕಾರಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2022ರ ವರದಿಯ ಅಂದಾಜಿನಂತೆ, 2021ರಲ್ಲಿ ಜಗತ್ತಿನಾದ್ಯಂತ 2.76 ಕೋಟಿ ಜನರು ಬಲವಂತದ ದುಡಿಮೆಯಲ್ಲಿದ್ದರು.

ಮೊದಲ ಹಂತ ಸುಲಭ. ತರಿಸುವ ಸರಕುಗಳ ಪಟ್ಟಿ ಮಾಡಿ, ವಲಸೆ ಕಾರ್ಮಿಕರು, ಗುತ್ತಿಗೆ ದುಡಿಮೆ, ಮಾಲೀಕರೇ ಕೊಡುವ ವಸತಿ ಇವು ಎಲ್ಲಿ ಒಟ್ಟಿಗೆ ಇವೆಯೋ ಆ ಸರಕನ್ನು ಮೊದಲು ಕೈಗೆತ್ತಿಕೊಳ್ಳಿ. ಬಿಲ್ಲಿನ ಮೊತ್ತ ದೊಡ್ಡದೆಂಬ ಕಾರಣಕ್ಕೆ ಆಯ್ಕೆ ಮಾಡಬೇಡಿ.

ಎರಡನೆಯದು, ಸರಕು ನಿಜವಾಗಿ ಎಲ್ಲಿ ತಯಾರಾಗುತ್ತಿದೆ ಎಂಬುದನ್ನು ತಿಳಿಯುವುದು. ಕಾರ್ಖಾನೆಯಲ್ಲಿ ಎಷ್ಟು ಯಂತ್ರಗಳಿವೆ, ಒಂದು ಪಾಳಿಯಲ್ಲಿ ಎಷ್ಟು ಮಾಲು ಹೊರಬೀಳುತ್ತದೆ ಎಂದು ಕೇಳಿ, ನಿಮ್ಮ ಆರ್ಡರಿನ ಜೊತೆ ತಾಳೆ ನೋಡಿ. ಲೆಕ್ಕ ಹೊಂದದಿದ್ದರೆ, ಒಂದೋ ಕೆಲಸ ಉಪಗುತ್ತಿಗೆಗೆ ಹೋಗಿದೆ, ಇಲ್ಲವೇ ಕಾರ್ಮಿಕರು ಹಗಲಿರುಳೂ ದುಡಿಯುತ್ತಿದ್ದಾರೆ. ತಿಂಗಳಿಡೀ ಎಲ್ಲರೂ ಒಂದೇ ನಿಮಿಷಕ್ಕೆ ಬಂದು ಒಂದೇ ನಿಮಿಷಕ್ಕೆ ಹೋದಂತೆ ತೋರಿಸುವ ಹಾಜರಿ ಪುಸ್ತಕವನ್ನು ನಂಬದೆ, ಅದೇ ದಿನಗಳ ಉತ್ಪಾದನೆ ಮತ್ತು ಸರಕು ರವಾನೆಯ ದಾಖಲೆಗಳನ್ನು ಪಕ್ಕದಲ್ಲಿಟ್ಟು ಓದಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ನೇಮಕಾತಿಯ ಸಾಲವನ್ನು ಪತ್ತೆಹಚ್ಚುವಲ್ಲಿ. ಇಂದಿನ ಜೀತಕ್ಕೆ ಸರಪಳಿಯಾಗಲಿ ಬೀಗ ಹಾಕಿದ ಗೇಟಾಗಲಿ ಬೇಕಿಲ್ಲ. ಕೆಲಸ ಕೊಡಿಸುವ ಏಜೆಂಟನಿಗೆ ಕಟ್ಟಲು ಕಾರ್ಮಿಕ ಬಡ್ಡಿಗೆ ಸಾಲ ಮಾಡಿರುತ್ತಾನೆ. ಬಂದಿಳಿದ ಮೇಲೆ ಸಂಬಳ ಹೇಳಿದ್ದಕ್ಕಿಂತ ಕಡಿಮೆಯಿರುತ್ತದೆ, ‘ಸುರಕ್ಷತೆಗಾಗಿ’ ಎಂದು ಪಾಸ್‌ಪೋರ್ಟ್ ಕಚೇರಿಯ ಕಪಾಟು ಸೇರುತ್ತದೆ. ಸಾಲ ತೀರುವ ತನಕ ಕೆಲಸ ಬಿಡುವಂತಿಲ್ಲ. ಕಾರ್ಮಿಕರಿಂದ ನೇಮಕಾತಿ ಶುಲ್ಕ ಪಡೆಯಬಾರದೆಂಬ ತತ್ತ್ವ 1997ರ 181ನೇ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದದಲ್ಲೇ ಇದ್ದರೂ ವಸೂಲಿ ನಿಂತಿಲ್ಲ.

ಆದ್ದರಿಂದ ಕಾರ್ಖಾನೆಯಿಂದ ಏಜೆಂಟರ ಹೆಸರುಗಳನ್ನೂ ಅವರೊಂದಿಗಿನ ಒಪ್ಪಂದವನ್ನೂ ಅವರಿಗೆ ಹಣ ಪಾವತಿಸಿದ ಬಿಲ್ಲುಗಳನ್ನೂ ಕೇಳಿ ಪಡೆಯಿರಿ. ಹೊರದೇಶದ ಕಾರ್ಮಿಕರು ನೂರಾರು ಜನರಿದ್ದೂ ಏಜೆಂಟರಿಗೆ ಹಣ ಕೊಟ್ಟ ಬಿಲ್ಲು ಒಂದೂ ಇಲ್ಲವೆಂದರೆ, ಆ ಖರ್ಚು ಕಾರ್ಮಿಕರ ತಲೆಯ ಮೇಲೆಯೇ ಬಿದ್ದಿದೆ ಎಂದು ಭಾವಿಸಿ ಮುಂದುವರಿಯಿರಿ. ಸಂಬಳದ ಚೀಟಿಗಳಲ್ಲಿ ಕಡಿತದ ಕಲಂ ನೋಡಿ. ಹೊಸದಾಗಿ ಸೇರಿದವರ ಹೆಸರಿನಲ್ಲಿ ಮಾತ್ರ ಪ್ರತಿ ತಿಂಗಳೂ ಒಂದೇ ಮೊತ್ತ ಕಡಿತವಾಗುತ್ತಿದ್ದರೆ ಅದಕ್ಕೆ ವಿವರಣೆ ಕೇಳಲೇಬೇಕು.

ಕಾರ್ಮಿಕರೊಂದಿಗಿನ ಮಾತುಕತೆ ಕಾರ್ಖಾನೆಯ ಆವರಣದ ಹೊರಗೆ, ಅವರದೇ ಭಾಷೆಯಲ್ಲಿ, ಅವರು ನಂಬುವ ಕಾರ್ಮಿಕ ಸಂಘ ಅಥವಾ ಸ್ಥಳೀಯ ಸಂಸ್ಥೆಯ ಮೂಲಕ ನಡೆಯಲಿ. ಮೇಲ್ವಿಚಾರಕನನ್ನು ದುಭಾಷಿಯಾಗಿ ಕೂರಿಸಿಕೊಳ್ಳುವುದಕ್ಕಿಂತ ಮಾತನಾಡಿಸದಿರುವುದೇ ಮೇಲು. ‘ಪಾಸ್‌ಪೋರ್ಟ್ ನಿಮ್ಮ ಬಳಿ ಇದೆಯೇ?’ ಎಂದು ಕೇಳಿದರೆ ಕಲಿಸಿಕೊಟ್ಟ ಉತ್ತರ ಸಿಗುತ್ತದೆ. ‘ನಾಳೆಯೇ ಊರಿಗೆ ಹೊರಡಬೇಕಾದರೆ ಯಾರನ್ನು ಕೇಳಬೇಕು, ಪಾಸ್‌ಪೋರ್ಟ್ ಎಷ್ಟು ದಿನಕ್ಕೆ ಕೈಸೇರುತ್ತದೆ? ಇಲ್ಲಿಗೆ ಬರಲು ಎಷ್ಟು ಖರ್ಚಾಯಿತು, ಆ ಹಣ ಎಲ್ಲಿಂದ ತಂದಿರಿ, ಇನ್ನೆಷ್ಟು ತೀರಿಸಬೇಕು?’ ಎಂದು ಕೇಳಿ. ಟಿಪ್ಪಣಿಯಲ್ಲಿ ಹೆಸರು ಬರೆದುಕೊಳ್ಳಬೇಡಿ.

ಪೂರೈಕೆದಾರರಿಗೆ ಹಸಿರು, ಹಳದಿ, ಕೆಂಪು ಗುರುತು ಕೊಡುವ ತಂತ್ರಾಂಶಗಳಿಗೆ ಹಣ ಸುರಿಯಬೇಡಿ ಎಂಬುದು ನನ್ನ ಖಚಿತ ಸಲಹೆ. ಪೂರೈಕೆದಾರರು ತಾವೇ ತುಂಬಿಕೊಟ್ಟ ಉತ್ತರಗಳನ್ನೇ ಆಧರಿಸಿದ ಬಣ್ಣದಿಂದ ಪ್ರಯೋಜನವಿಲ್ಲ. ಮುನ್ಸೂಚನೆ ಕೊಟ್ಟು ಒಂದೇ ದಿನದಲ್ಲಿ ಮುಗಿಸುವ ಆಡಿಟ್‌ನಲ್ಲಿ ಬೆಂಕಿ ನಂದಿಸುವ ಉಪಕರಣಗಳ ಕೊರತೆ ಕಾಣಬಹುದು, ಸಾಲ ಕಾಣುವುದಿಲ್ಲ. ಆ ಹಣದಲ್ಲಿ ಒಳ್ಳೆಯ ದುಭಾಷಿಯೊಬ್ಬರನ್ನು ನೇಮಿಸಿಕೊಳ್ಳಿ.

ನಾಲ್ಕನೆಯದಾಗಿ, ನಿಮ್ಮ ಖರೀದಿಯ ರೀತಿಯನ್ನೇ ತಿದ್ದಿಕೊಳ್ಳಿ. ಕೊನೆಯ ಗಳಿಗೆಯಲ್ಲಿ ಆರ್ಡರ್ ಹೆಚ್ಚಿಸುವುದು, ಹಣ ಪಾವತಿಯನ್ನು ತಿಂಗಳುಗಟ್ಟಲೆ ಎಳೆಯುವುದು, ನೇಮಕಾತಿಯ ಖರ್ಚೂ ಗಿಟ್ಟದ ಬೆಲೆಗೆ ಪಟ್ಟು ಹಿಡಿಯುವುದು, ಇವೆಲ್ಲವೂ ಒತ್ತಡವಾಗಿ ಕೊನೆಗೆ ಬೀಳುವುದು ಕಾರ್ಮಿಕರ ಮೇಲೆಯೇ.

ಜೀತದ ಸುಳಿವು ಸಿಕ್ಕ ಕೂಡಲೇ ಆರ್ಡರ್ ರದ್ದುಮಾಡಿ ಕೈತೊಳೆದುಕೊಂಡರೆ ಸಾಲ ಕಾರ್ಮಿಕರ ಮೇಲೆಯೇ ಉಳಿಯುತ್ತದೆ, ಕೆಲಸ ಮಾತ್ರ ಹೋಗುತ್ತದೆ. ಮಾಲೀಕರನ್ನು ತರಾಟೆಗೆ ತೆಗೆದುಕೊಳ್ಳುವ ಮೊದಲು, ಮಾತನಾಡಿದವರಿಗೆ ತೊಂದರೆಯಾಗದಂತೆ ಆ ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ. ಅನಂತರ ಪಾಸ್‌ಪೋರ್ಟ್ ಮರಳಿಸುವುದಕ್ಕೂ ವಸೂಲಾದ ಶುಲ್ಕವನ್ನು ಹಿಂದಿರುಗಿಸುವುದಕ್ಕೂ ದಿನಾಂಕ ನಿಗದಿಮಾಡಿ; ಆ ಹೊರೆಯಲ್ಲಿ ಒಂದು ಪಾಲನ್ನು ನೀವೂ ಹೊರಿ. ಆದರೆ ಸರ್ಕಾರವೇ ಹೇರಿದ ಬಲವಂತದ ದುಡಿಮೆಯಿದ್ದಲ್ಲಿ ಖರೀದಿದಾರರ ಮಾತು ನಡೆಯುವುದಿಲ್ಲ. ಅಲ್ಲಿಂದ ಹೊರಬರುವುದೊಂದೇ ದಾರಿ.

‘ನಾವು ಸಣ್ಣವರು, ಕಾನೂನು ನಮಗೆ ಅನ್ವಯಿಸದು’ ಎಂಬ ಮಾತು ಅರ್ಧ ಮಾತ್ರ ನಿಜ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆಯಂತೆ ವಾರ್ಷಿಕ ಹೇಳಿಕೆ ಪ್ರಕಟಿಸಬೇಕಾದದ್ದು 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ವಹಿವಾಟಿನ ಕಂಪನಿಗಳು. ಆದರೆ ಬಲವಂತದ ದುಡಿಮೆಯ ಸರಕನ್ನೇ ತಡೆಯುವ ಅಮೆರಿಕದ ಕಾನೂನಾಗಲಿ, 2027ರ ಡಿಸೆಂಬರ್ 14ರಿಂದ ಅನ್ವಯವಾಗಲಿರುವ ಐರೋಪ್ಯ ಒಕ್ಕೂಟದ ನಿಯಮವಾಗಲಿ ಕಂಪನಿಯ ಗಾತ್ರ ನೋಡಿ ವಿನಾಯಿತಿ ಕೊಡುವುದಿಲ್ಲ.

ಕಾರ್ಖಾನೆಯು ಏಜೆಂಟನನ್ನು ಬದಲಿಸಿದಾಗ ಅಥವಾ ಹೊಸ ಕಾರ್ಮಿಕರ ತಂಡ ಬಂದಾಗ, ವರ್ಷ ತುಂಬುವವರೆಗೆ ಕಾಯದೆ ಮೂರನೆಯ ಹಂತವನ್ನು ಮತ್ತೆ ಮೊದಲಿನಿಂದ ಮಾಡಿ.