‘ಒಂದು ಗಂಟೆಯ ಕಥೆ’ಯನ್ನು ಗುಂಪಿನಲ್ಲಿ ಓದಿಸುವುದು ಹೇಗೆ
ಅಮೆರಿಕದ ಲೇಖಕಿ ಕೇಟ್ ಶೋಪ್ಯಾನ್ 1894ರಲ್ಲಿ ಬರೆದ ಈ ಕಥೆ ಸಾವಿರ ಪದಗಳಷ್ಟೇ. ಮಡಿಕೇರಿಯ ಕಾಲೇಜಾಗಲಿ, ವಿರಾಜಪೇಟೆಯ ಓದುಕೂಟವಾಗಲಿ, ಒಂದು ತಾಸು ಸಾಕು. ಕೊನೆಯನ್ನು ಮೊದಲೇ ಬಿಟ್ಟುಕೊಡಬೇಡಿ.

ಗಟ್ಟಿಯಾಗಿ ಓದುತ್ತಾ ಕಥೆಯಲ್ಲಿ ಕಿಟಕಿಯ ದೃಶ್ಯ ಬಂದಾಗ ನಿಲ್ಲಿಸಿ. ಗಂಡ ಸತ್ತನೆಂಬ ಸುದ್ದಿಗೆ ಅತ್ತು ಸುಸ್ತಾದ ಲೂಯಿಸ್ ಆರಾಮಕುರ್ಚಿಯಲ್ಲಿದ್ದಾಳೆ. ಹೊರಗೆ ಚಿಗುರಿದ ಮರದ ತುದಿಗಳು, ಮಳೆಯ ವಾಸನೆ, ಸೂರಿನಲ್ಲಿ ಗುಬ್ಬಿಗಳು. ಮೊದಲ ಮಳೆಗೆ ಕಾಫಿ ಹೂ ಅರಳುವುದನ್ನು ಕಂಡವರಿಗೆ ಈ ಜಾಗ ವಿವರಿಸಬೇಕಿಲ್ಲ. ಮುಂದೆ ಅವಳ ಬಾಯಿಂದ ಬರುವ ಮಾತೇನೆಂದು ಊಹಿಸಲು ಬಿಡಿ.

ಅವಳು ಹೇಳುವುದು ‘ಬಿಡುಗಡೆ’ ಎಂದು. ಅದನ್ನು ಕೇಳಿದ ಮೇಲೆ ಚರ್ಚೆ ಹಳಿ ತಪ್ಪುವುದು ‘ಗಂಡ ಕೆಟ್ಟವನಿರಬೇಕು’ ಎಂಬಲ್ಲಿ. ಅವನದು ಪ್ರೀತಿಯ ನೋಟವೇ ಎಂದು ಕಥೆ ಹೇಳುತ್ತದೆ. ಆ ಸಾಲನ್ನು ಮತ್ತೆ ಓದಿಸಿ. ಪ್ರೀತಿಸುವವರೂ ಇನ್ನೊಬ್ಬರ ಇಚ್ಛೆಯನ್ನು ಬಗ್ಗಿಸುತ್ತಾರೆ, ಕಥೆಯ ಜೀವ ಅಲ್ಲಿದೆ. ಮುಂದಿನ ವಾರಕ್ಕೆ ಕನ್ನಡದ ಕಥೆಗಾರ್ತಿ ಕೊಡಗಿನ ಗೌರಮ್ಮನವರ ಕಥೆಯೊಂದನ್ನು ಎತ್ತಿಕೊಳ್ಳಿ.