ನನ್ನ ಅನುಭವ: ಹನ್ನೊಂದು ಕಂಪ್ಯೂಟರ್‌ಗಳು, ಒಂದು ರಿಜಿಸ್ಟರು

ರಾಜಾಜಿನಗರದ ಮುಖ್ಯರಸ್ತೆಯೊಂದರ ಮೇಲೆ, ಮೊದಲನೆಯ ಮಹಡಿಯಲ್ಲಿರುವ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದೇನೆ. ಎಂಜಿನಿಯರಿಂಗ್ ಓದಿದವನಲ್ಲ, ಬಿ.ಕಾಂ. ಮುಗಿಸಿ ನೇರವಾಗಿ ಈ ಮೇಜಿಗೆ ಬಂದವನು. ಆದರೂ ಕಳೆದ ಆರು ವರ್ಷಗಳಿಂದ ನಮ್ಮಲ್ಲಿರುವ ಹನ್ನೊಂದು ಕಂಪ್ಯೂಟರ್‌ಗಳ ನಿರ್ವಹಣೆ ನನ್ನ ಜವಾಬ್ದಾರಿಯಾಗಿದೆ. ಅದನ್ನು ಯಾರೂ ನನಗೆ ವಹಿಸಲಿಲ್ಲ. ಒಂದು ಮಾರ್ಚ್ ತಿಂಗಳಲ್ಲಿ ಆದ ನಷ್ಟದ ನಂತರ ನಾನೇ ಯಜಮಾನರನ್ನು ಕೇಳಿ ಪಡೆದುಕೊಂಡೆ.

ಆ ತಿಂಗಳ ಮೂರನೆಯ ವಾರ ನಮ್ಮ ಹಿರಿಯ ಲೆಕ್ಕಿಗರಾದ ಮೇಡಂ ಅವರ ಕಂಪ್ಯೂಟರ್‌ನೊಳಗಿಂದ ಟಕ್ ಟಕ್ ಎಂಬ ಶಬ್ದ ಬರತೊಡಗಿತು. ಮರುದಿನ ಹಾರ್ಡ್ ಡಿಸ್ಕ್ ಪೂರ್ತಿ ಕೈಕೊಟ್ಟಿತು. ಮೇಡಂ ಅಷ್ಟೇನೂ ಗಾಬರಿಯಾಗಲಿಲ್ಲ. ಪ್ರತಿ ಶುಕ್ರವಾರ ಸಂಜೆ ಅವರು ತಪ್ಪದೆ ಹೊರಗಿನ ಡಿಸ್ಕ್ ಒಂದಕ್ಕೆ ತಮ್ಮ ಕೆಲಸವನ್ನೆಲ್ಲ ನಕಲು ಮಾಡಿ ಬೀರುವಿನಲ್ಲಿ ಇಡುತ್ತಿದ್ದರು. ಆ ಡಿಸ್ಕನ್ನು ನನ್ನ ಕಂಪ್ಯೂಟರ್‌ಗೆ ಜೋಡಿಸಿ ತೆರೆದೆವು. ಪ್ರತಿಯೊಬ್ಬ ಕ್ಲೈಂಟ್‌ನ ಹೆಸರೂ ಅಲ್ಲಿತ್ತು, ಆದರೆ ಯಾವುದರ ಮೇಲೆ ಕ್ಲಿಕ್ ಮಾಡಿದರೂ ತೆರೆಯಲಿಲ್ಲ. ಹತ್ತಿರದಿಂದ ನೋಡಿದಾಗ ಪ್ರತಿ ಚಿತ್ರದ ಎಡಗಡೆಯ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣದ ಗುರುತು ಕಾಣಿಸಿತು. ಗಾತ್ರದ ಕಾಲಂನಲ್ಲಿ ಸಾಲಾಗಿ 2 ಕೆಬಿ, 2 ಕೆಬಿ ಎಂದಿತ್ತು. ಡೆಸ್ಕ್‌ಟಾಪ್ ಮೇಲಿದ್ದ, ಮೇಡಂ ಪ್ರತಿ ವಾರ ನಕಲು ಮಾಡುತ್ತಿದ್ದ ಫೋಲ್ಡರ್‌ನಲ್ಲಿ ಇದ್ದದ್ದು ಡಿ ಡ್ರೈವಿನಲ್ಲಿದ್ದ ಕಡತಗಳ ಶಾರ್ಟ್‌ಕಟ್‌ಗಳು ಮಾತ್ರ. ಎಂಟು ತಿಂಗಳಿಂದ ನಾವು ಜೋಪಾನ ಮಾಡಿದ್ದು ಅವುಗಳ ವಿಳಾಸಗಳನ್ನು.

“ಏನಪ್ಪಾ ಇದು, ಪ್ರತಿ ಶುಕ್ರವಾರ ನಾನೇ ಕೈಯಾರೆ ಕಾಪಿ ಮಾಡಿಟ್ಟಿದ್ದೀನಲ್ಲ” ಎಂದು ಮೇಡಂ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ತಪ್ಪು ಅವರದ್ದಾಗಿರಲಿಲ್ಲ. ಆ ನಕಲನ್ನು ಒಮ್ಮೆಯೂ ತೆರೆದು ನೋಡಬೇಕೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ಮೂರು ಜನ ಸೇರಿ ವೋಚರು, ಬಿಲ್ಲುಗಳನ್ನು ಮುಂದಿಟ್ಟುಕೊಂಡು ಹತ್ತೊಂಬತ್ತು ದಿನ ರಾತ್ರಿಯವರೆಗೆ ಕುಳಿತು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆವು.

ಅದು ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಇನ್ನೂರು ಪುಟದ ಒಂದು ರಿಜಿಸ್ಟರು ಕೊಂಡದ್ದು. ಪ್ರತಿ ಕಂಪ್ಯೂಟರ್‌ಗೆ ಹದಿನೈದು ಪುಟ ಬಿಟ್ಟು, ಮೊದಲ ಪುಟದಲ್ಲಿ ಕೊಂಡ ದಿನಾಂಕ, ಪ್ರೊಸೆಸರ್, ರ‍್ಯಾಮ್, ಡಿಸ್ಕಿನ ಬಗೆ, ಯುಪಿಎಸ್ ಬ್ಯಾಟರಿ ಹಾಕಿದ ದಿನ, ಇವಿಷ್ಟನ್ನು ಬರೆದೆ. ಪ್ರತಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ನಿರ್ವಹಣೆಯ ಸಮಯವೆಂದು ಯಜಮಾನರಿಂದ ಒಪ್ಪಿಗೆ ಪಡೆದೆ. ಕೈ ಹಾಕುವ ಮೊದಲು ಏನಿತ್ತು, ಏನು ಬದಲಿಸಿದೆ, ಆಮೇಲೆ ಏನಾಯಿತು ಎಂಬ ಮೂರು ಸಾಲುಗಳಿಲ್ಲದೆ ಯಾವ ಕಂಪ್ಯೂಟರ್‌ನಿಂದಲೂ ಎದ್ದು ಬರಬಾರದೆಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ಇಷ್ಟು ವರ್ಷಗಳಲ್ಲಿ ಯಾವ ಸಾಫ್ಟ್‌ವೇರಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮೂರು ಸಾಲುಗಳೇ.

“ಸಿಸ್ಟಮ್ ಸ್ಲೋ ಆಗಿದೆ” ಎಂಬ ದೂರು ವಾರಕ್ಕೆ ನಾಲ್ಕು ಬಾರಿ ಬರುತ್ತಿತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರ್ ಕಿಟಕಿಯಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟವಿದೆ. ಅಲ್ಲಿ ಸಿಪಿಯು ನಕ್ಷೆಯ ಕೆಳಗೆ ‘ಅಪ್ ಟೈಮ್’ ಎಂದು, ಯಂತ್ರ ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದೆ ಎಂದು ಹೇಳುವ ಒಂದು ಸಣ್ಣ ಸಂಖ್ಯೆ ಇರುತ್ತದೆ. ಪ್ರತಿ ಸಂಜೆ ತಪ್ಪದೆ ಶಟ್‌ಡೌನ್ ಮಾಡಿ ಹೋಗುವ ಸಹೋದ್ಯೋಗಿಯೊಬ್ಬರ ಯಂತ್ರದಲ್ಲಿ ಅದು 41 ದಿನ ಎಂದು ತೋರಿಸುತ್ತಿದ್ದುದನ್ನು ಕಂಡು ನಾನು ಮೊದಲು ನಂಬಲಿಲ್ಲ. ಕಾರಣ ಆಮೇಲೆ ತಿಳಿಯಿತು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡು ಬಂದಿದೆ. ಅದು ಚಾಲ್ತಿಯಲ್ಲಿದ್ದರೆ, ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳ ಹಳೆಯ ಗೋಜಲು ಹಾಗೆಯೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಆದ್ದರಿಂದ ಈಗ ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬರೂ ಒಮ್ಮೆ ರೀಸ್ಟಾರ್ಟ್ ಕೊಟ್ಟು ಕಾಫಿಗೆ ಹೋಗುತ್ತಾರೆ. ದೂರುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇದೊಂದರಿಂದಲೇ ನಿಂತವು.

ಅದೇ ಕಿಟಕಿಯ ಸ್ಟಾರ್ಟಪ್ ಪುಟವನ್ನೂ ನೋಡಬೇಕು. ಯಾವತ್ತೋ ಒಮ್ಮೆ ಬಳಸಿದ ವಿಡಿಯೊ ಮೀಟಿಂಗ್ ತಂತ್ರಾಂಶ, ಹಳೆಯ ಪ್ರಿಂಟರಿನ ಸಹಾಯಕ, ಮೊಬೈಲ್ ಜೋಡಿಸುವ ತಂತ್ರಾಂಶ, ಹೀಗೆ ಹತ್ತಾರು ಕಂಪ್ಯೂಟರ್ ಆನ್ ಆದ ಕ್ಷಣವೇ ಏಳುತ್ತಿರುತ್ತವೆ. ಅವುಗಳನ್ನು ಅಳಿಸಬೇಕಾಗಿಲ್ಲ, ಬಲಕ್ಲಿಕ್ ಮಾಡಿ ಡಿಸೇಬಲ್ ಮಾಡಿದರೆ ಸಾಕು, ಬೇಕಾದಾಗ ತೆರೆದುಕೊಳ್ಳಬಹುದು. ಆಂಟಿವೈರಸ್ ಮತ್ತು ಡಿಜಿಟಲ್ ಸಹಿಯ ಟೋಕನ್‌ಗೆ ಸಂಬಂಧಿಸಿದವನ್ನು ಮಾತ್ರ ನಾನು ಮುಟ್ಟುವುದಿಲ್ಲ.

ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದಕ್ಕೆ ಸಿಗುವ ತಪ್ಪು ಪರಿಹಾರಗಳು ದುಬಾರಿ. ಒಂದು ಸೋಮವಾರ ನಮ್ಮ ಕಿರಿಯ ಸಹಾಯಕಿ, “ಸರ್, ಜಿಎಸ್‌ಟಿ ಪೋರ್ಟಲ್ ಓಪನ್ ಆಗ್ತಿಲ್ಲ, ಬ್ಯಾಂಕಿನದ್ದೂ ಇಲ್ಲ, ಸುರಕ್ಷಿತವಲ್ಲ ಅಂತ ಕೆಂಪಗೆ ಬರ್ತಿದೆ. ವೈರಸ್ ಇರಬೇಕು” ಎಂದರು. ಫೋನಿನಲ್ಲಿ ವಿಚಾರಿಸಿದ ರಿಪೇರಿಯವರೊಬ್ಬರು ಫಾರ್ಮ್ಯಾಟ್ ಮಾಡಿಬಿಡಿ ಎಂದು ಸಲಹೆ ಕೊಟ್ಟರು. ನಾನು ಪರದೆಯ ಬಲಗಡೆಯ ಕೆಳಮೂಲೆಯನ್ನು ನೋಡಿದೆ. ಅಲ್ಲಿ 2015ರ ಜನವರಿ 1 ಎಂದಿತ್ತು. ಸುರಕ್ಷಿತ ಜಾಲತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನ ಮತ್ತು ಮುಕ್ತಾಯದ ದಿನ ಇರುತ್ತವೆ. ಕಂಪ್ಯೂಟರ್‌ನ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ದಿನಾಂಕ ಹಿಂದಕ್ಕೆ ಹೋದದ್ದು ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಖಾಲಿಯಾದ ಕಾರಣದಿಂದ. ಪ್ಲಗ್ಗಿಗೆ ಕರೆಂಟ್ ಇರುವವರೆಗೆ ಒಳಗಿನ ಗಡಿಯಾರಕ್ಕೆ ಅಲ್ಲಿಂದಲೇ ಶಕ್ತಿ ಸಿಗುತ್ತದೆ. ನಾವು ಪ್ರತಿ ರಾತ್ರಿ ಗೋಡೆಯ ಸ್ವಿಚ್ಚನ್ನೂ ಆರಿಸಿ ಹೋಗುವುದರಿಂದ, ರಾತ್ರಿಯಿಡೀ ಗಡಿಯಾರ ನಡೆಸುವ ಹೊರೆ ಆ ಪುಟ್ಟ ಬ್ಯಾಟರಿಯ ಮೇಲೆ ಬೀಳುತ್ತದೆ. ಎದುರಿನ ವಾಚು ರಿಪೇರಿ ಅಂಗಡಿಯಿಂದ ಐವತ್ತು ರೂಪಾಯಿಯೊಳಗೆ ಹೊಸದನ್ನು ತಂದು ಹಾಕಿ ದಿನಾಂಕ ಸರಿಪಡಿಸಿದೆ. ಹತ್ತು ನಿಮಿಷದಲ್ಲಿ ಪೋರ್ಟಲ್ ತೆರೆಯಿತು. ಅಂದು ಫಾರ್ಮ್ಯಾಟ್ ಮಾಡಿದ್ದರೆ ಎರಡು ದಿನದ ಕೆಲಸ ಕೆಟ್ಟು, ಮರುದಿನ ಬೆಳಿಗ್ಗೆ ಅದೇ ಕೆಂಪು ಸೂಚನೆ ಮತ್ತೆ ಬರುತ್ತಿತ್ತು.

ಧೂಳು ನಮ್ಮ ರಸ್ತೆಯ ದೊಡ್ಡ ತೊಂದರೆ. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಬಾಲ್ಕನಿಗೆ ಒಯ್ದು, ಮೊದಲು ಲೋಹದ ಚೌಕಟ್ಟನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಇಳಿಸಿ, ಬ್ಲೋವರ್‌ನಿಂದ ಊದುತ್ತೇನೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆಯನ್ನು ಒಳಗೆ ಬಿಡಲೇಬಾರದು.

ಯಂತ್ರದ ವೇಗಕ್ಕಾಗಿ ಹಣ ಖರ್ಚು ಮಾಡುವುದಾದರೆ ಅದು ಚಿಪ್ಪುಗಳಲ್ಲಿ ದತ್ತಾಂಶ ಇಡುವ ಡಿಸ್ಕಾದ ಎಸ್‌ಎಸ್‌ಡಿಗೇ ಹೋಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಎಸ್.ಪಿ. ರಸ್ತೆಗೆ ಹೋಗಿ 240 ಜಿಬಿಯ ಐದು ಎಸ್‌ಎಸ್‌ಡಿಗಳನ್ನು ತಂದು ಹಳೆಯ ಹಾರ್ಡ್ ಡಿಸ್ಕುಗಳ ಜಾಗದಲ್ಲಿ ಹಾಕಿದೆವು. ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಕೆಲಸಕ್ಕೆ ಸಿದ್ಧವಾಗುತ್ತಿರುವುದು ನನ್ನ ರಿಜಿಸ್ಟರಿನಲ್ಲಿ ದಿನಾಂಕದೊಂದಿಗೆ ದಾಖಲಾಗಿದೆ. ಹಳೆಯ ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ, ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಎಸ್‌ಎಸ್‌ಡಿಗೆ ಬೇಡ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ವಿಂಡೋಸ್ ಅದಕ್ಕೆ ಬೇಕಾದ ಟ್ರಿಮ್ ಎಂಬ ಕ್ರಿಯೆಯನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ.

ಬ್ಯಾಕಪ್ ವಿಷಯಕ್ಕೆ ಮತ್ತೆ ಬರುತ್ತೇನೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಪ್ರಸಿದ್ಧ ಸೂತ್ರವನ್ನು ನಾವು ಪಾಲಿಸುತ್ತೇವೆ: ಮೂಲ ಕಡತ ಕಂಪ್ಯೂಟರ್‌ನಲ್ಲಿ, ಎರಡನೆಯದು ಹೊರಗಿನ ಡಿಸ್ಕಿನಲ್ಲಿ, ಮೂರನೆಯದು ಕ್ಲೌಡ್ ಖಾತೆಯಲ್ಲಿ. ಹೊರಗಿನ ಡಿಸ್ಕುಗಳು ಎರಡಿದ್ದು, ವಾರ ಬಿಟ್ಟು ವಾರ ಬದಲಾಗುತ್ತವೆ, ಮತ್ತು ಕೆಲಸ ಮುಗಿದ ಕೂಡಲೇ ಕೇಬಲ್ ಕಿತ್ತು ಬೀರುವಿಗೆ ಸೇರುತ್ತವೆ. ಸದಾ ಜೋಡಿಸಿಯೇ ಇಟ್ಟ ಡಿಸ್ಕು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದರೆ ಮೂಲದ ಜೊತೆಗೇ ಬೀಗ ಹಾಕಿಸಿಕೊಳ್ಳುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಅಂಥದ್ದೊಂದು ದಾಳಿ ಜಗತ್ತಿನ ತುಂಬ ಹರಡಿದಾಗ, ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ತಿದ್ದುಪಡಿ ನೀಡಿತ್ತು. ಅಪ್‌ಡೇಟ್‌ಗಳನ್ನು ‘ಆಮೇಲೆ’ ಎಂದು ಮುಂದೂಡುವವರಿಗೆ ನಾನು ಈ ಎರಡು ತಿಂಗಳ ಅಂತರವನ್ನು ನೆನಪಿಸುತ್ತೇನೆ.

ಪ್ರತಿ ಮೊದಲ ಶನಿವಾರ ನಾನು ನಕಲಿನಿಂದ ಮೂರು ಕಡತಗಳನ್ನು ಕಣ್ಣುಮುಚ್ಚಿ ಆರಿಸಿ, ಅವು ಹುಟ್ಟಿದ ಕಂಪ್ಯೂಟರ್ ಬಿಟ್ಟು ಬೇರೊಂದರಲ್ಲಿ ತೆರೆದು, ಕೊನೆಯ ನಮೂದಿನ ದಿನಾಂಕವನ್ನು ರಿಜಿಸ್ಟರಿಗೆ ಬರೆಯುತ್ತೇನೆ. ಬೇರೆ ಕಂಪ್ಯೂಟರೇ ಏಕೆಂದರೆ, ಶಾರ್ಟ್‌ಕಟ್ ಆಗಿದ್ದರೆ ಮೂಲ ಯಂತ್ರದಲ್ಲಿ ಅದು ಸರಾಗವಾಗಿ ತೆರೆದು ನಮ್ಮನ್ನು ಮೋಸಗೊಳಿಸುತ್ತದೆ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯ ಬ್ಯಾಕಪ್ಪನ್ನೂ ಹೀಗೆಯೇ ಪರೀಕ್ಷಿಸುತ್ತೇನೆ, ಆದರೆ ಅದಕ್ಕೆಂದೇ ಮಾಡಿದ ಖಾಲಿ ಫೋಲ್ಡರ್‌ಗೆ ರೀಸ್ಟೋರ್ ಮಾಡುತ್ತೇನೆ. ಚಾಲ್ತಿಯಲ್ಲಿರುವ ದತ್ತಾಂಶದ ಫೋಲ್ಡರ್‌ಗೆ ಮಾಡಿದರೆ ಇಂದಿನ ನಮೂದುಗಳ ಮೇಲೆ ಹಳೆಯವು ಬಂದು ಕೂರುತ್ತವೆ.

ಎಕ್ಸೆಲ್ ಬಳಸುವವರಿಗೆ ಒಂದು ಎಚ್ಚರಿಕೆ. ಎಕ್ಸೆಲ್ ಯಾವುದೇ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಂಡು, ಅದರಾಚೆಯವನ್ನು ಸೊನ್ನೆ ಮಾಡುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ನೇರವಾಗಿ ಟೈಪ್ ಮಾಡಿದರೆ ಕೊನೆಯ ಅಂಕಿ ಸದ್ದಿಲ್ಲದೆ ಬದಲಾಗುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿಕೊಳ್ಳಬೇಕು. ಆಮೇಲೆ ಬದಲಿಸಿದರೆ ಹೋದ ಅಂಕಿ ಮರಳುವುದಿಲ್ಲ. ಸಂಬಳದ ಪಟ್ಟಿಯೊಂದರಲ್ಲಿ ಇದು ಕಡೆಯ ಗಳಿಗೆಯಲ್ಲಿ ನಮ್ಮ ಕಣ್ಣಿಗೆ ಬಿದ್ದಿತು.

ಕನ್ನಡದ ಕಡತಗಳದ್ದು ಬೇರೆಯದೇ ಸಮಸ್ಯೆ. ನಮ್ಮಲ್ಲಿ ಟ್ರಸ್ಟುಗಳ, ಸಹಕಾರ ಸಂಘಗಳ ಪತ್ರವ್ಯವಹಾರವೆಲ್ಲ ಕನ್ನಡದಲ್ಲಿದ್ದು, ಹಳೆಯವು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟಿಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ, ಏಕೆಂದರೆ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟು ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ ಅಷ್ಟೆ. ಆದ್ದರಿಂದ ಈಗಿನ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ‘ನಡಾವಳಿ’ ಎಂದು ಬರೆದು ಹುಡುಕಿದರೆ ಅಂಥ ಒಂದು ಕಡತವೂ ಸಿಗುವುದಿಲ್ಲ. ನುಡಿಯೊಂದಿಗೆ ಬರುವ ಪರಿವರ್ತಕದ ಮೂಲಕ ಸುಮಾರು ನಾನೂರು ಪತ್ರಗಳನ್ನು ದಿನಕ್ಕೆ ಹತ್ತರಂತೆ ಯುನಿಕೋಡ್‌ಗೆ ಬದಲಿಸಿದೆ. ಬದಲಿಸಿದ ಪ್ರತಿಯೊಂದನ್ನೂ ಓದಲೇಬೇಕು: ಅರ್ಕಾವತ್ತು ಜಾಗ ತಪ್ಪುತ್ತದೆ, ನಡುವೆ ಇಂಗ್ಲಿಷ್‌ನಲ್ಲಿದ್ದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಹೊಸ ಪತ್ರಗಳನ್ನು ನುಡಿಯಲ್ಲಿ ಬಳಸುತ್ತಿದ್ದ ಅದೇ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ, ಯುನಿಕೋಡ್‌ನಲ್ಲಿಯೇ ಟೈಪ್ ಮಾಡುತ್ತೇವೆ. ಬೆರಳುಗಳ ಅಭ್ಯಾಸ ಬದಲಾಗಬೇಕಾಗಿಲ್ಲದ ಕಾರಣ ಹಿರಿಯರೂ ಸುಲಭವಾಗಿ ಒಪ್ಪಿದರು. ಹೆಸರಿಡುವಾಗ 2024-03-31 ಎಂಬಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರಂಭಿಸಿದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಯುಪಿಎಸ್ ಬಗ್ಗೆ ಎರಡೇ ಮಾತು. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು. ಕಾಗದ ಕಾಯಿಸುವಾಗ ಅದು ಎಳೆಯುವ ಕರೆಂಟು ಸಣ್ಣ ಯುಪಿಎಸ್ಸಿನ ಶಕ್ತಿ ಮೀರಿದ್ದು. ಬೆಸ್ಕಾಂನವರು ಕರೆಂಟ್ ತೆಗೆಯುವವರೆಗೆ ಕಾಯದೆ, ಎಲ್ಲವನ್ನೂ ಸೇವ್ ಮಾಡಿ, ನಾನೇ ಮುಖ್ಯ ಪ್ಲಗ್ ಕಿತ್ತು ಎಷ್ಟು ನಿಮಿಷ ನಿಲ್ಲುತ್ತದೆಂದು ನೋಡುತ್ತೇನೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಬ್ಯಾಟರಿ ಬದಲಿಸುತ್ತೇವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ರಿಜಿಸ್ಟರಿನ ಮೊದಲ ಪುಟಗಳನ್ನು ತಿರುವಿ ಹಾಕಿ, ಯಾವುದರಲ್ಲಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇದೆ, ಯಾವ ಪ್ರೊಸೆಸರ್ ವಿಂಡೋಸ್ 11ಕ್ಕೆ ಒಪ್ಪುತ್ತದೆ ಎಂದು ಒಂದು ಮಧ್ಯಾಹ್ನದಲ್ಲಿ ಪಟ್ಟಿ ಮಾಡಿ ಯಜಮಾನರ ಮುಂದಿಟ್ಟೆ. ಏಳು ಯಂತ್ರಗಳು ಮೇಲ್ದರ್ಜೆಗೆ ಏರಿದವು, ಮೂರನ್ನು ಬದಲಿಸಿದೆವು. ಉಳಿದ ಒಂದರಲ್ಲಿ ಹಳೆಯ ವರ್ಷಗಳ ಲೆಕ್ಕಗಳಿರುವುದರಿಂದ, ಅದರ ನೆಟ್‌ವರ್ಕ್ ಕೇಬಲ್ ಕಿತ್ತು, ನೋಡುವುದಕ್ಕೆಂದು ಮಾತ್ರ ಒಳಕೋಣೆಯಲ್ಲಿ ಇಟ್ಟಿದ್ದೇವೆ. ಆ ಕಂಪ್ಯೂಟರ್ ಮೇಡಂ ಅವರದ್ದು. ಹೊಸ ಡಿಸ್ಕ್ ಹಾಕಿ ಹತ್ತೊಂಬತ್ತು ದಿನ ಟೈಪ್ ಮಾಡಿದ ಲೆಕ್ಕಗಳೂ ಅದರಲ್ಲಿಯೇ ಇವೆ. ಅದರ ಬ್ಯಾಕಪ್ಪನ್ನು ಮೊದಲ ಶನಿವಾರಗಳಂದು ಈಗ ಅವರೇ ನನ್ನ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ರಿಜಿಸ್ಟರಿನಲ್ಲಿ ಸಹಿ ಮಾಡುತ್ತಾರೆ.