ಹೊಸ ಟೈರಿನ ಸದ್ದನ್ನು ರಸ್ತೆಯಿಂದ ರಸ್ತೆಗೆ ಪರೀಕ್ಷಿಸಿದ ನನ್ನ ಅನುಭವ

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಕಾರಿನ ನಾಲ್ಕೂ ಟೈರುಗಳನ್ನು ಬದಲಾಯಿಸಿದೆ. ಹಳೆಯವು 52 ಸಾವಿರ ಕಿಲೋಮೀಟರ್ ಓಡಿದ್ದು, ಅವುಗಳ ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಸವೆದು 1.6 ಮಿಲಿಮೀಟರ್ ಎತ್ತರದ ಎಚ್ಚರಿಕೆಯ ಗುರುತಿಗೆ ಹತ್ತಿರ ಬಂದಿತ್ತು. ಬೆಂಗಳೂರಿನಿಂದ ಉಪ್ಪಿನಂಗಡಿಗೆ ತಿಂಗಳಿಗೊಮ್ಮೆಯಾದರೂ ಶಿರಾಡಿ ಘಾಟಿ ಇಳಿದು ಹೋಗುವವನಾದ ನನಗೆ ಒದ್ದೆ ರಸ್ತೆಯ ಮೇಲಿನ ಹಿಡಿತವೇ ಮುಖ್ಯವಾದ್ದರಿಂದ, ಅಳತೆಯನ್ನು ಮೊದಲಿನಂತೆ 185/65 ಆರ್ 15ರಲ್ಲೇ ಉಳಿಸಿಕೊಂಡು, ನೀರು ಹರಿದುಹೋಗಲು ಕಾಲುವೆಯಂಥ ಅಗಲವಾದ ತೋಡುಗಳೂ ಅಂಚಿನಲ್ಲಿ ದಪ್ಪ ಬಟನ್‌ಗಳೂ ಇರುವ ಬೇರೊಂದು ವಿನ್ಯಾಸವನ್ನು ಆರಿಸಿಕೊಂಡೆ. ಅಂಗಡಿಯಿಂದ ಹೊರಟು ಮನೆಯ ಹತ್ತಿರದ ಕಾಂಕ್ರೀಟ್ ರಸ್ತೆಗೆ ತಿರುಗಿದೊಡನೆ, ಹಳೆಯ ಟೈರುಗಳಲ್ಲಿ ಎಂದೂ ಕೇಳದಿದ್ದ, ಸೀಟಿಯನ್ನು ಹೋಲುವ ಸದ್ದು ಕಾರಿನೊಳಗೆ ತುಂಬಿಕೊಂಡಿತು.

ಮೊದಲು ಬಂದ ಅನುಮಾನ ಚಕ್ರದ ಬೇರಿಂಗಿನ ಮೇಲೆ. ಆದರೆ ಬೇರಿಂಗ್ ಹಾಳಾಗಿದ್ದರೆ ರಸ್ತೆ ಯಾವುದಾದರೂ ಅದರ ಮೊರೆತ ನಿಲ್ಲುವುದಿಲ್ಲ, ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದಾಗ ಅದು ಏರುತ್ತದೆ ಅಥವಾ ಇಳಿಯುತ್ತದೆ. ನನ್ನ ಕಾರಿನಲ್ಲಿ ಕಾಂಕ್ರೀಟ್ ಮುಗಿದು ಡಾಂಬರು ಶುರುವಾದ ಗೆರೆಯನ್ನು ಮುಂದಿನ ಚಕ್ರಗಳು ದಾಟಿದ ಕ್ಷಣದಲ್ಲೇ ಸೀಟಿ ಅರ್ಧಕ್ಕಿಳಿದು, ಹಿಂದಿನ ಚಕ್ರಗಳೂ ದಾಟಿದಾಗ ಪೂರ್ತಿ ನಿಂತುಹೋಯಿತು. ಕ್ಲಚ್ ಒತ್ತಿ ಎಂಜಿನ್ ವೇಗ ತಗ್ಗಿಸಿದಾಗಲೂ ಕಾಂಕ್ರೀಟಿನ ಮೇಲಿನ ಸದ್ದು ಬದಲಾಗದ್ದರಿಂದ, ಅದು ಟೈರು ಮತ್ತು ರಸ್ತೆ ಎರಡೂ ಸೇರಿ ಹುಟ್ಟಿಸುವ ಸದ್ದೆಂಬುದು ಖಚಿತವಾಯಿತು.

ಮರುದಿನ ಬೆಳಿಗ್ಗೆ, ಟೈರುಗಳು ತಣ್ಣಗಿದ್ದಾಗ, ನನ್ನದೇ ಗೇಜಿನಿಂದ ಗಾಳಿ ನೋಡಿದೆ. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ 33 ಪಿಎಸ್‌ಐ ಎಂದಿದ್ದರೆ ನಾಲ್ಕರಲ್ಲೂ 40 ತುಂಬಿತ್ತು. ಹೊಸ ಟೈರನ್ನು ರಿಮ್ಮಿಗೆ ಸರಿಯಾಗಿ ಕೂರಿಸಲು ಹೆಚ್ಚು ಗಾಳಿ ಹಿಡಿಯುವುದು ವಾಡಿಕೆ, ಅದನ್ನು ಮತ್ತೆ ಇಳಿಸುವುದನ್ನು ಮರೆತಿದ್ದರು. 33ಕ್ಕೆ ಇಳಿಸಿದ ಮೇಲೆ ಕಾಂಕ್ರೀಟ್ ಹಾಸುಗಳ ಸಂದುಗಳಲ್ಲಿ ಕೇಳುತ್ತಿದ್ದ 'ಟಕ್ ಟಕ್' ಬಹುಪಾಲು ಮೆತ್ತಗಾಯಿತು, ಆದರೆ ಸೀಟಿ ಹಾಗೆಯೇ ಉಳಿಯಿತು.

ಆ ಸೀಟಿಯ ಮೂಲ ಸಿಕ್ಕಿದ್ದು ರಸ್ತೆಯಲ್ಲೇ. ಭಾನುವಾರ ವಾಹನಗಳಿಲ್ಲದ ಹೊತ್ತಿನಲ್ಲಿ ಕಾರನ್ನು ಬದಿಗೆ ನಿಲ್ಲಿಸಿ, ಕಾಂಕ್ರೀಟಿನ ಮೇಲೆ ಅಡ್ಡಲಾಗಿ ಎಳೆದಿರುವ ಗೀರುಗಳ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದರೆ ಅದು ಸುಮಾರು 2 ಸೆಂಟಿಮೀಟರ್ ಇತ್ತು. ಮಳೆಯಲ್ಲಿ ಜಾರದಿರಲೆಂದು, ಕಾಂಕ್ರೀಟ್ ಹಸಿಯಾಗಿರುವಾಗಲೇ ಎಳೆಯುವ ಗೀರುಗಳಿವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಟೈರು ಸೆಕೆಂಡಿಗೆ ಸುಮಾರು 16.7 ಮೀಟರ್ ಉರುಳುತ್ತದೆ, ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 830 ಗೀರುಗಳನ್ನು ದಾಟುತ್ತದೆ. ಕಿವಿ ಚೆನ್ನಾಗಿ ಹಿಡಿಯುವ ಸ್ವರವದು. ಹಳೆಯ ಟೈರಿನ ಬಟನ್‌ಗಳು ಸವೆದು ನುಣ್ಣಗಾಗಿದ್ದುದರಿಂದ ಅದು ಅಷ್ಟಾಗಿ ಎದ್ದು ಕೇಳುತ್ತಿರಲಿಲ್ಲವೆಂದೂ, ಹೊಸ ಟೈರಿನ ಎತ್ತರದ ಬಟನ್‌ಗಳು ಆ ಗೀರುಗಳಿಗೆ ಬಡಿದು ಅದನ್ನು ಎತ್ತಿ ತೋರಿಸುತ್ತಿವೆಯೆಂದೂ ನಾನು ತಿಳಿದುಕೊಂಡಿದ್ದೇನೆ.

ಆಮೇಲೆ ಊರಿಗೆ ಹೋಗುವ ದಾರಿಯನ್ನೇ ಪರೀಕ್ಷೆಯ ಹಾದಿಯಾಗಿ ಮಾಡಿಕೊಂಡೆ. ಗಾಜುಗಳನ್ನು ಏರಿಸಿ, ಎಸಿಯ ಫ್ಯಾನ್ ಆರಿಸಿ, ಪಕ್ಕದ ಸೀಟಿನಲ್ಲಿ ಕುಳಿತ ಮಗಳು ಮೊಬೈಲಿನ ಸದ್ದಳೆಯುವ ಆ್ಯಪ್ ನೋಡಿ ಬರೆದುಕೊಂಡಳು. ಮೊಬೈಲಿನ ಅಂಕಿಯನ್ನು ನಿಖರ ಅಳತೆಯೆಂದು ನಂಬುವಂತಿಲ್ಲವಾದರೂ, ಒಂದೇ ಫೋನು, ಒಂದೇ ಜಾಗ, ಒಂದೇ ವೇಗ ಇದ್ದಾಗ ರಸ್ತೆ ರಸ್ತೆಗಳ ನಡುವಿನ ವ್ಯತ್ಯಾಸ ತಿಳಿಯಲು ಅದು ಸಾಕು. 60ರ ವೇಗದಲ್ಲಿ ಗೀರಿನ ಕಾಂಕ್ರೀಟಿಗೂ ಹೊಸ ಡಾಂಬರಿಗೂ ಸುಮಾರು 5 ಡೆಸಿಬೆಲ್ ಅಂತರ ಬಂತು. ಅಚ್ಚರಿಯಾದದ್ದು ಹೆದ್ದಾರಿ ಬಿಟ್ಟು ಊರೊಳಗೆ ಹೋಗುವ, ಡಾಂಬರು ಸವೆದು ಜಲ್ಲಿ ಎದ್ದು ನಿಂತ ರಸ್ತೆಯಲ್ಲಿ. ಅಲ್ಲಿ ಸೀಟಿಯೇ ಇಲ್ಲ, ಬದಲಿಗೆ ನೆಲದ ಹಾಸಿನ ಮೂಲಕ ಪಾದಕ್ಕೇ ತಾಗುವಂಥ ಗುಡುಗು. ನುಣುಪಾದ ರಸ್ತೆಯಲ್ಲಿ ಟೈರಿನ ತೋಡುಗಳೊಳಗೆ ಸಿಕ್ಕಿಬಿದ್ದ ಗಾಳಿ ಹಿಂಡಿ ಹೊರಬರುವ ಸದ್ದು ಮುಂದಾದರೆ, ಉರುಟು ರಸ್ತೆಯಲ್ಲಿ ಟೈರಿನ ಮೈಯೇ ಅದುರಿ, ಆ ಅದುರು ಸಸ್ಪೆನ್ಷನ್ ಮೂಲಕ ಕಾರಿನ ಒಡಲಿಗೆ ಏರುತ್ತದೆ.

ಈ ಕಾರಣಕ್ಕಾಗಿಯೇ ಯುರೋಪಿನ ಟೈರ್ ಲೇಬಲ್ಲಿನಲ್ಲಿ ಕಾಣುವ ಡೆಸಿಬೆಲ್ ಅಂಕಿಯೊಂದನ್ನೇ ನೋಡಿ ಕೊಳ್ಳಬೇಡಿರೆಂದು ಗೆಳೆಯರಿಗೆ ಹೇಳುತ್ತಿದ್ದೇನೆ. ಆ ಅಳತೆಯಲ್ಲಿ ಎಂಜಿನ್ ಆರಿಸಿ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಉರುಳಿಬಿಟ್ಟ ವಾಹನದ ಸದ್ದನ್ನು, ನಿಗದಿತ ಗುಣದ ನುಣುಪಾದ ಡಾಂಬರು ಹಾಸಿನ ಮೇಲೆ, ಹಾದಿಯ ನಡುಗೆರೆಯಿಂದ 7.5 ಮೀಟರ್ ದೂರದಲ್ಲಿಟ್ಟ ಮೈಕ್‌ಗಳು ಹಿಡಿಯುತ್ತವೆ. ರಸ್ತೆಬದಿಯ ಮನೆಯವರ ಪಾಲಿಗೆ ಅದು ಉಪಯುಕ್ತವಾದ ಅಂಕಿ. ಕಾರಿನೊಳಗೆ ಕುಳಿತು ಜಲ್ಲಿ ಎದ್ದ ರಸ್ತೆಯಲ್ಲಿ ಹೋಗುವವರಿಗೆ ಏನು ಕೇಳಿಸುತ್ತದೆಂಬುದನ್ನು ಅದು ಹೇಳುವುದಿಲ್ಲ.

8 ಸಾವಿರ ಕಿಲೋಮೀಟರ್ ಆದಾಗ ಡಾಂಬರಿನ ಮೇಲೂ ಒಂದು ಹೊಸ ಮೊರೆತ ಶುರುವಾಯಿತು. ಹಿಂದಿನ ಟೈರುಗಳ ಮೇಲೆ ಅಂಗೈ ಸವರಿದರೆ ಒಂದು ದಿಕ್ಕಿಗೆ ನುಣುಪಾಗಿಯೂ ಎದುರು ದಿಕ್ಕಿಗೆ ಗರಗಸದ ಹಲ್ಲಿನಂತೆ ಚೂಪಾಗಿಯೂ ಇತ್ತು. ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ, ಹಿಂದಿನವನ್ನು ಮುಂದಕ್ಕೆ ಹಾಕಿಸಿದ ಮೇಲೆ ಸಾವಿರ ಕಿಲೋಮೀಟರಿನೊಳಗೆ ಆ ಮೊರೆತ ತಗ್ಗಿತು. ಗೀರಿನ ಕಾಂಕ್ರೀಟಿನ ಸೀಟಿ ಮಾತ್ರ ಈಗಲೂ ಇದೆ, 60ರಿಂದ 50ಕ್ಕೆ ಇಳಿಸಿದರೆ ಅದರ ಸ್ವರವೂ ಇಳಿಯುತ್ತದೆ.